ನೀರು ಮೊದಲು, ಕಾಗದ ಆಮೇಲೆ: ಲೇಡೆ ಹಳ್ಳಿಯ ಭೂಗೋಳ, ಇತಿಹಾಸ ಓದುವ ಕ್ರಮ

ಬರ್ಲಿನ್‌ನಿಂದ ಕಾಟ್‌ಬುಸ್ ಕಡೆಯ ಪ್ರಾದೇಶಿಕ ರೈಲು ಹತ್ತಿದರೆ ಹೆಚ್ಚುಕಡಿಮೆ ಒಂದು ಗಂಟೆಗೆ ಲ್ಯೂಬೆನಾವ್ ಬರುತ್ತದೆ. ನಿಲ್ದಾಣದಿಂದ ಹಳೇ ಪೇಟೆ, ದೊಡ್ಡ ದೋಣಿಗಟ್ಟೆ ದಾಟಿ ಪೂರ್ವಕ್ಕೆ ಕಾಲುದಾರಿ ಹಿಡಿದು ಮುಕ್ಕಾಲು ಗಂಟೆ ನಡೆದರೆ ಲೇಡೆ. ಇನ್ನೂರಕ್ಕೂ ಕಡಿಮೆ ಜನರಿರುವ ಊರು. ಆಡಳಿತದ ಲೆಕ್ಕದಲ್ಲಿ ಲ್ಯೂಬೆನಾವ್ ಪಟ್ಟಣದ ಒಂದು ಭಾಗ. ಪಶ್ಚಿಮ ಸ್ಲಾವ್ ಜನರಾದ ಸೋರ್ಬರು ಕಟ್ಟಿದ ಹಳ್ಳಿಗಳಲ್ಲಿ ಇದೂ ಒಂದು. ಪೂರ್ವ ಜರ್ಮನಿಯ ಲೌಸಿಟ್ಸ್ ಸೀಮೆಯಲ್ಲಿ ಈ ಸಮುದಾಯದ ಸುಮಾರು 60,000 ಮಂದಿ ಇದ್ದಾರೆಂಬುದು ರೂಢಿಯ ಲೆಕ್ಕ.

ಇಂಥ ಊರಿನ ಬಗ್ಗೆ ಬರೆಯಲು ಕೂತವರು ಸಾಮಾನ್ಯವಾಗಿ ತಲೆಕೆಳಗಾದ ಕ್ರಮದಲ್ಲಿ ಹೊರಡುತ್ತಾರೆ. ಮೊದಲು ಹಳೆಯ ಉಡುಪಿನ ಫೋಟೊ, ಆಮೇಲೆ ಊರ ಹೆಸರಿನ ಅರ್ಥ, ಕೊನೆಗೆ ಎಲ್ಲೋ ಒಂದು ಸಾಲು ಭೂಗೋಳ. ಲೇಡೆಯಲ್ಲಿ ಇದು ನಡೆಯುವುದಿಲ್ಲ. ಮನೆ ಎಲ್ಲಿ ನಿಂತಿದೆ, ಹೊಲ ಯಾಕೆ ಅಷ್ಟು ಕಿರಿದು, ರಸ್ತೆ ಯಾಕೆ ಅಷ್ಟು ತಡವಾಗಿ ಬಂತು, ಇವಕ್ಕೆಲ್ಲ ಉತ್ತರ ನೆಲದಲ್ಲಿ, ಇನ್ನೂ ನಿಖರವಾಗಿ ನೆಲದಡಿಯ ನೀರಿನಲ್ಲಿದೆ. ಅಲ್ಲಿಂದಲೇ ಶುರುಮಾಡಿ.

ನೆಲ

ಶ್ಪ್ರೇ ನದಿ ಇಲ್ಲಿ ಹಿಮಯುಗದ ಕೊನೆಯಲ್ಲಿ ಹಿಮಗಡ್ಡೆಯ ಕರಗುನೀರು ಕೊರೆದ ಬರೂತ್ ಕಣಿವೆಯಲ್ಲಿ ಹರಿಯುತ್ತದೆ. ಕಣಿವೆ ಅಗಲ, ಇಳಿಜಾರು ಇಲ್ಲವೆನ್ನುವಷ್ಟು ಕಡಿಮೆ. ಒಂದೇ ಪಾತ್ರದಲ್ಲಿ ಓಡುವ ರಭಸವಿಲ್ಲದೆ ನದಿ ನೂರಾರು ಕವಲಾಗಿ ಹರಡಿಕೊಂಡಿತು. ಈ ಜೌಗು ಕಾಡಿಗೆ ಶ್ಪ್ರೇವಾಲ್ಡ್ ಎಂದು ಹೆಸರು. 1991ರಿಂದ ಇದು ಯುನೆಸ್ಕೊ ಜೀವಗೋಳ ಮೀಸಲು ಪ್ರದೇಶ, ವಿಸ್ತೀರ್ಣ 475 ಚದರ ಕಿ.ಮೀ. ಕವಲುಗಳನ್ನು ಅಲ್ಲಿ ಫ್ಲೀಸ್ ಎನ್ನುತ್ತಾರೆ. ಕೆಲವು ತಾವಾಗಿ ಆದವು, ಕೆಲವು ತೋಡಿದವು. ಬಳುಕುತ್ತ ಅಗಲ ಬದಲಿಸುತ್ತ ಹೋದರೆ ಸಹಜವಾದದ್ದು, ಗೆರೆ ಎಳೆದಂತೆ ನೇರ ಹೋದರೆ ಕೈಯಿಂದ ತೋಡಿದ್ದು ಎಂದು ಮೊದಲ ಅಂದಾಜು ಹಾಕಬಹುದು. ಆದರೆ ದೋಣಿ ಓಡಿಸಲು ಸಹಜ ಕವಲನ್ನೇ ನೆಟ್ಟಗೆ ಮಾಡಿದ್ದೂ ಉಂಟು, ಹಾಗಾಗಿ ಹಳೇ ನಕ್ಷೆ ನೋಡುವ ತನಕ ಆ ಅಂದಾಜನ್ನು ಪೆನ್ಸಿಲ್ಲಿನಲ್ಲೇ ಬರೆದಿಡಿ.

ಜೌಗಿನ ನಡುವೆ ಅಲ್ಲಲ್ಲಿ ಮರಳಿನ ದಿಬ್ಬಗಳಿವೆ. ಸ್ಥಳೀಯ ಹೆಸರು ಕೌಪೆ. ಲೇಡೆಯ ಮನೆಗಳೆಲ್ಲ ಇವುಗಳ ಮೇಲೇ ಇವೆ. ಸುತ್ತಲಿನ ಹುಲ್ಲುಗಾವಲಿಗಿಂತ ಒಂದು ಮೀಟರ್ ಎತ್ತರವಿದ್ದರೂ ಸಾಕು, ನೆರೆಯಲ್ಲಿ ಕೊಟ್ಟಿಗೆ ಒಣಗಿರುತ್ತದೆ. ಒಂದು ದಿಬ್ಬಕ್ಕೆ ಒಂದೋ ಎರಡೋ ಒಕ್ಕಲು, ನಡುವೆ ನೀರು. ಮಲೆನಾಡಿನಲ್ಲಿ ಒಂದೊಂದು ಮನೆ ತನ್ನ ತೋಟದ ನಡುವೆ ಬೇರೆ ಬೇರೆ ಕೂತು, ಹಳ್ಳಕ್ಕೆ ಸಂಕ ಹಾಕಿಕೊಂಡಿರುತ್ತದಲ್ಲ, ಆ ಚಿತ್ರ ಮನಸ್ಸಿನಲ್ಲಿದ್ದರೆ ಊರ ರೂಪ ಬೇಗ ಹಿಡಿತಕ್ಕೆ ಬರುತ್ತದೆ.

ದಿಬ್ಬ ಗುರುತಿಸಲು ಅಗೆಯುವುದು ಬೇಡ. ಮೀಸಲು ಪ್ರದೇಶ, ಮೇಲಾಗಿ ಬಹುಪಾಲು ಖಾಸಗಿ ಜಮೀನು. ಮೂರು ಗುರುತು ನೋಡಿ. ಹುಲ್ಲಿನಲ್ಲಿ ಮೋಲ್ ಎಂಬ ಬಿಲಪ್ರಾಣಿ ಎತ್ತಿಹಾಕಿದ ಮಣ್ಣಿನ ಗುಡ್ಡೆಗಳಿರುತ್ತವೆ. ಮಣ್ಣು ತಿಳಿ ಬಣ್ಣದ ಮರಳಾದರೆ ನೀವು ಕೌಪೆಯ ಮೇಲಿದ್ದೀರಿ, ಕಪ್ಪಗೆ ಅಂಟಂಟಾದರೆ ಜೌಗಿನಲ್ಲಿದ್ದೀರಿ. ಎರಡನೆಯದು ಮರ. ಬುಡ ನೀರಿನಲ್ಲಿದ್ದರೂ ಬದುಕುವ ಆಲ್ಡರ್ ಸಾಲು ತಗ್ಗಿನ ಗುರುತು, ಓಕ್ ಮತ್ತು ಹಳೇ ಸೇಬು, ಪೇರ್ ಮರಗಳು ದಿಬ್ಬದ ಗುರುತು. ಮೂರನೆಯದು ಕಟ್ಟಡದ ಬುಡ. ನೆಲಮಾಳಿಗೆಯ ಕಿಂಡಿ ಕಾಣದಿದ್ದರೆ ಅಚ್ಚರಿಪಡಬೇಡಿ, ಅಂತರ್ಜಲ ಅಷ್ಟು ಮೇಲಿದೆ. ಹಳೇ ಮರದ ಮನೆಗಳನ್ನು ಕಲ್ಲಿನ ಮೇಲೆ ಎತ್ತಿ ಕೂರಿಸಿರುವುದೂ ಅದಕ್ಕೇ. ತೇವ ಕೆಳಗಿನ ದಿಮ್ಮಿ ಮುಟ್ಟಿತೆಂದರೆ ಕೊಳೆಯುವಿಕೆ ಅಲ್ಲಿಂದಲೇ ಹೊರಡುತ್ತದೆ.

ಹೊಲ ಕೂಡ ನೀರಿನದೇ ಲೆಕ್ಕ. ಎರಡು ಬದಿ ಕಾಲುವೆ ತೋಡಿ, ಬಂದ ಮಣ್ಣನ್ನು ನಡುವೆ ಸುರಿದು ಎತ್ತರಿಸಿದ ಕಿರಿದಾದ ಪಟ್ಟಿಗಳು. ಸೌತೆ, ಈರುಳ್ಳಿ, ಹಾರ್ಸ್‌ರ‍್ಯಾಡಿಶ್ ಬೇರು ಇವು ಅಲ್ಲಿಯ ಹಳೇ ಬೆಳೆ. ಶ್ಪ್ರೇವಾಲ್ಡ್ ಸೌತೆಯ ಉಪ್ಪಿನಕಾಯಿಗೆ 1999ರಲ್ಲಿ ಯುರೋಪಿಯನ್ ಒಕ್ಕೂಟದ ಭೌಗೋಳಿಕ ಸೂಚಕ ರಕ್ಷಣೆ ಸಿಕ್ಕಿತು. ಉಳಿದ ತಗ್ಗು ಜಾಗ ಹುಲ್ಲಿಗೆ. ಹುಲ್ಲನ್ನು ನೆಟ್ಟ ಕಂಬದ ಸುತ್ತ ಬಣವೆ ಹಾಕಿ, ಬುಡಕ್ಕೆ ಕೊಂಬೆ ಹಾಸಿ ಒದ್ದೆ ನೆಲದಿಂದ ಎತ್ತಿಡುತ್ತಾರೆ, ಆಮೇಲೆ ದೋಣಿಯಲ್ಲಿ ಸಾಗಿಸುತ್ತಾರೆ. ಕಾಲುಸಂಕಗಳು ನಡುವೆ ಅಷ್ಟು ಎತ್ತರಕ್ಕೆ ಏರಿ ಇಳಿಯುವುದು ಅಲಂಕಾರಕ್ಕಲ್ಲ. ಹುಲ್ಲು ಹೇರಿದ ದೋಣಿ ಅಡಿಯಿಂದ ಹೋಗಬೇಕು.

ನಕ್ಷೆಗಳನ್ನು ಒಂದರ ಮೇಲೊಂದು ಕೂರಿಸುವುದು

ಮೇಲಿನದನ್ನು ಕಣ್ಣಾರೆ ನೋಡುವ ಮುಂಚೆಯೇ ಮನೆಯಲ್ಲಿ ಕೂತು ಅರ್ಧ ಕೆಲಸ ಮುಗಿಸಬಹುದು. ಬ್ರಾಂಡೆನ್‌ಬುರ್ಗ್ ರಾಜ್ಯದ ಭೂಮಾಪನ ಇಲಾಖೆ ಲೇಸರ್‌ನಿಂದ ಅಳೆದ ಒಂದು ಮೀಟರ್ ಚೌಕದ ನೆಲದೆತ್ತರದ ಮಾದರಿಯನ್ನು ಉಚಿತವಾಗಿ ಕೊಡುತ್ತದೆ. ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ತೆರೆಯಿರಿ. ನಿರ್ದೇಶಾಂಕ ಪದ್ಧತಿ ಇಟಿಆರ್‌ಎಸ್89, ಯುಟಿಎಂ ವಲಯ 33 ಉತ್ತರ, ಸಂಕೇತ ಸಂಖ್ಯೆ 25833. ಲೇಡೆ ಇರುವುದು ಸುಮಾರು 51 ಡಿಗ್ರಿ 52 ನಿಮಿಷ ಉತ್ತರ, 13 ಡಿಗ್ರಿ 59 ನಿಮಿಷ ಪೂರ್ವದಲ್ಲಿ.

ಇಲ್ಲಿ ಹೆಚ್ಚಿನವರು ಎಡವುವುದು ನೆರಳಿನ ಚಿತ್ರ, ಅಂದರೆ ಓರೆ ಬೆಳಕು ಬಿದ್ದಂತೆ ನೆಲದ ಉಬ್ಬುತಗ್ಗು ತೋರುವ ಚಿತ್ರ ಮಾಡುವಾಗ. ತಂತ್ರಾಂಶದ ಮೂಲ ಸೆಟ್ಟಿಂಗ್ ಗುಡ್ಡಗಾಡಿಗೆ ಸರಿ, ಒಂದು ಮೀಟರ್ ದಿಬ್ಬ ಅದರಲ್ಲಿ ಕಾಣುವುದೇ ಇಲ್ಲ. ಪರದೆಯೆಲ್ಲ ಬೂದು ಹಾಳೆ. ಎತ್ತರವನ್ನು ಎಷ್ಟು ಪಟ್ಟು ಉಬ್ಬಿಸಿ ತೋರಿಸಬೇಕೆಂಬ ಗುಣಕವನ್ನು 5–10ರ ನಡುವಿಗೆ ಏರಿಸಿ. ಬಣ್ಣದ ವ್ಯಾಪ್ತಿಯನ್ನು ಊರಿನ ಸರಾಸರಿ ಎತ್ತರದ ಆಚೀಚೆ ಒಟ್ಟು ನಾಲ್ಕೈದು ಮೀಟರಿಗೆ ಕುಗ್ಗಿಸಿ. ಆಗ ಕೌಪೆಗಳು ತಿಳಿ ಚುಕ್ಕೆಗಳಾಗಿ, ತೋಡಿದ ಕಾಲುವೆಗಳು ಬಾಚಣಿಗೆಯ ಹಲ್ಲಿನಂತೆ ಎದ್ದು ಕಾಣುತ್ತವೆ. ನೀರಿನ ಮೇಲ್ಮೈಯಲ್ಲಿ ಲೇಸರ್ ಅಳತೆ ನಂಬಲರ್ಹವಲ್ಲ, ಫ್ಲೀಸ್‌ನ ಆಳವನ್ನು ಇದರಿಂದ ಹೇಳಹೋಗಬೇಡಿ.

ಮೇಲಿನ ಪದರಕ್ಕೆ ಹಳೇ ನಕ್ಷೆ. 1815ರ ನಂತರ ಈ ಭಾಗ ಪ್ರಷ್ಯಾ ಎಂಬ ಜರ್ಮನ್ ರಾಜ್ಯಕ್ಕೆ ಸೇರಿದ್ದರಿಂದ 19ನೇ ಶತಮಾನದ 1:25,000 ಪ್ರಷ್ಯನ್ ಸರ್ವೆ ಹಾಳೆಗಳೇ ನಿಮ್ಮ ಮೊದಲ ಆಧಾರ. ಬಹುಪಾಲು ಸ್ಕ್ಯಾನ್ ಆಗಿವೆ. ಅಂಚಿನಲ್ಲಿ ಬರೆದ ರೇಖಾಂಶ ನೋಡಿ ಗಾಬರಿಯಾಗಬೇಡಿ. ಆ ಕಾಲದ ಹಾಳೆಗಳು ಗ್ರೀನಿಚ್‌ನಿಂದಲ್ಲ, ಅದರ ಪಶ್ಚಿಮಕ್ಕೆ ಅಟ್ಲಾಂಟಿಕ್‌ನಲ್ಲಿರುವ ಫೆರೊ ದ್ವೀಪದಿಂದ ಎಣಿಸುತ್ತವೆ. 17 ಡಿಗ್ರಿ 40 ನಿಮಿಷ ಕಳೆಯಬೇಕು. ಲೇಡೆ ಆ ಹಾಳೆಯಲ್ಲಿ 31 ಡಿಗ್ರಿ 39 ನಿಮಿಷದ ಹತ್ತಿರ ಇರುತ್ತದೆ. ಕಳೆಯುವುದನ್ನು ಮರೆತರೆ ಹಳ್ಳಿ ಉಕ್ರೇನಿಗೆ ಹೋಗಿ ಕೂರುತ್ತದೆ.

ಹಾಳೆಯನ್ನು ಇಂದಿನ ನಕ್ಷೆಗೆ ಹೊಂದಿಸಲು 8ರಿಂದ 10 ಸಮಾನ ಬಿಂದು ಬೇಕು. ಲ್ಯೂಬೆನಾವ್ ಚರ್ಚಿನ ಗೋಪುರ, ಅರಮನೆಯ ಮೂಲೆ, ಸುತ್ತಲಿನ ಹಳ್ಳಿಗಳ ಚರ್ಚು, ಹಳೇ ರಸ್ತೆಗಳ ಕೂಡು, ಇಂಥವನ್ನು ಆರಿಸಿ. ಕಾಲುವೆಗಳು ಕೂಡುವ ಜಾಗ ಮಾತ್ರ ಬೇಡ. ನಿಖರವಾಗಿ ಕಾಣುತ್ತದೆ ನಿಜ, ಆದರೆ ಇಲ್ಲಿ ಸರಿದಾಡಿರುವುದು ಅದೇ. ಸರಿದಾಟ ಅಳೆಯಲು ಹೊರಟವರು ಸರಿದ ವಸ್ತುವನ್ನೇ ಗೂಟವಾಗಿ ಬಡಿದರೆ ಲೆಕ್ಕ ಸುಳ್ಳಾಗುತ್ತದೆ. ಬಿಂದು ಕಡಿಮೆಯಿದ್ದಾಗ ಮೊದಲ ದರ್ಜೆಯ ಬಹುಪದ ಪರಿವರ್ತನೆ, ಅಂದರೆ ಇಡೀ ಹಾಳೆಯನ್ನು ಒಂದೇ ಸಮನಾಗಿ ಸರಿಸಿ, ತಿರುಗಿಸಿ, ಹಿಗ್ಗಿಸಿ ಕೂರಿಸುವುದು ಸಾಕು. ರಬ್ಬರಿನಂತೆ ಎಳೆಯುವ ವಿಧಾನಗಳು ತಪ್ಪು ಶೂನ್ಯವೆಂದು ತೋರಿಸಿ ಮೋಸಮಾಡುತ್ತವೆ. ಈ ಅಳತೆಯಲ್ಲಿ ಹಾಳೆಯ ಮೇಲಿನ 1 ಮಿ.ಮೀ. ಎಂದರೆ ನೆಲದ ಮೇಲೆ 25 ಮೀ. ಉಳಿಯುವ ತಪ್ಪು 20–30 ಮೀಟರಿನೊಳಗಿದ್ದರೆ ಚೆನ್ನಾಗಿ ಬಂತೆಂದೇ ತಿಳಿಯಿರಿ, ಅದಕ್ಕಿಂತ ಚಿಕ್ಕ ವ್ಯತ್ಯಾಸದ ಮೇಲೆ “ಮನೆ ಜಾಗ ಬದಲಾಗಿದೆ” ಎಂದು ಬರೆಯಬೇಡಿ.

ಮನೆಗಳು, ಮತ್ತು ಒಂದು ಎಚ್ಚರಿಕೆ

1929ರವರೆಗೆ ಲೇಡೆಗೆ ಹೋಗಬೇಕಾದರೆ ದೋಣಿಯೇ ಗತಿ. ಈ ಒಂದು ವರ್ಷ ನೆನಪಿದ್ದರೆ ಮನೆಗಳ ಮುಖ ಅರ್ಥವಾಗುತ್ತದೆ. ಹಳೇ ಒಕ್ಕಲುಮನೆಗಳ ಮುಂಬಾಗಿಲ ಕಡೆ ನೀರು, ಹಿತ್ತಲ ಕಡೆ ಈಗಿನ ದಾರಿ. ದಾರಿಯಿಂದ ತೆಗೆದ ಫೋಟೊ ಮನೆಯ ಬೆನ್ನಿನ ಫೋಟೊ. ನೀರಿನ ಕಡೆಯಿಂದ ನೋಡಲು ದೋಣಿ ಹತ್ತಿ. ಚಪ್ಪಟೆ ತಳದ ದೋಣಿಯನ್ನು ಹಿಂಬದಿಯಲ್ಲಿ ನಿಂತು ಸುಮಾರು ನಾಲ್ಕು ಮೀಟರ್ ಉದ್ದದ ಗಳದಿಂದ ನೂಕುತ್ತಾರೆ. ಬೇಸಿಗೆಯ ತಿಂಗಳುಗಳಲ್ಲಿ ಅಂಚೆಯೂ ಇಂದಿಗೂ ಹೀಗೇ ಬರುತ್ತದೆ.

ಹಳೇ ಮನೆ ಎಂದರೆ ದಿಮ್ಮಿಗಳನ್ನು ಅಡ್ಡಡ್ಡ ಪೇರಿಸಿ ಮೂಲೆಯಲ್ಲಿ ಕಚ್ಚು ಹಾಕಿ ಕೂಡಿಸಿದ ಗೋಡೆ, ಜೊಂಡಿನ ಮಾಡು. ಮಾಡಿನ ತುದಿಯಲ್ಲಿ ಎರಡು ಹಲಗೆ ಅಡ್ಡಹಾಯ್ದು ಕಿರೀಟ ತೊಟ್ಟ ಹಾವಿನ ಹೆಡೆಗಳಾಗಿ ನಿಲ್ಲುತ್ತವೆ. ಮನೆ ಕಾಯುವ ಹಾವಿನ ರಾಜನ ಕಥೆ ಆ ಸೀಮೆಯಲ್ಲಿ ಪ್ರಸಿದ್ಧ. ಆದರೆ ಹಾವಿನ ಹೆಡೆ ಕಂಡಲ್ಲೆಲ್ಲ “ಹಳೇ ಸೋರ್ಬಿಯನ್ ಮನೆ” ಎಂದು ಬರೆಯಬೇಡಿ, ಹೊಸ ಅತಿಥಿಗೃಹಗಳಿಗೂ ಅದನ್ನೇ ಹೊಡೆಸುತ್ತಾರೆ. ಗೋಡೆಯ ಮೂಲೆ ನೋಡಿ, ತೀರ್ಮಾನ ಅಲ್ಲಿದೆ.

ಎಚ್ಚರಿಕೆ ಇದು. ಊರೊಳಗೆ 1957ರಲ್ಲಿ ತೆರೆದ ಬಯಲು ವಸ್ತುಸಂಗ್ರಹಾಲಯವಿದೆ. ಇಡೀ ಕುಟುಂಬ ಒಟ್ಟಿಗೆ ಮಲಗುತ್ತಿದ್ದ ಮಂಚ, ಒಲೆ, ಕೊಟ್ಟಿಗೆ ಎಲ್ಲವೂ ಇವೆ, ನೋಡಲೇಬೇಕು. ಅಲ್ಲಿಯ ಕಟ್ಟಡಗಳಲ್ಲಿ ಹಲವು ಶ್ಪ್ರೇವಾಲ್ಡಿನ ಬೇರೆ ಬೇರೆ ಹಳ್ಳಿಗಳಿಂದ ಬಿಚ್ಚಿ ತಂದು ಜೋಡಿಸಿದವು. ಅವುಗಳನ್ನು ಲೇಡೆಯ ಮನೆಗಳೆಂದು ಎಣಿಸಿದರೆ ಊರಿನ ಚಿತ್ರವೇ ಕೆಡುತ್ತದೆ. ಪ್ರತಿ ಕಟ್ಟಡದ ಫಲಕದಲ್ಲಿ ಮೂಲ ಊರು ಓದಿ, ಟಿಪ್ಪಣಿಯಲ್ಲಿ ಬೇರೆ ಕಾಲಂ ಇಡಿ.

ಹೆಸರು

ಜರ್ಮನ್‌ನಲ್ಲಿ ಲೇಡೆ, ಕೆಳ ಸೋರ್ಬಿಯನ್‌ನಲ್ಲಿ ಲ್ಯೆಡಿ. ಉಳುಮೆಯಾಗದ ಬೀಳು ನೆಲ ಎಂಬ ಅರ್ಥಕ್ಕೆ ಹತ್ತಿರ. ಇದರಾಚೆ ಹೆಸರಿಂದ ಇತಿಹಾಸ ಹಿಂಡಬೇಡಿ. ಕೆಲಸಕ್ಕೆ ಬರುವುದು ರೂಪಗಳ ಪಟ್ಟಿ. ಲ್ಯೂಬೆನಾವ್‌ಗೆ ಲುಬ್ನ್ಯೋವ್, ಕಾಟ್‌ಬುಸ್‌ಗೆ ಖೊಶೆಬುಸ್, ಶ್ಪ್ರೇವಾಲ್ಡಿಗೆ ಬ್ವೊತಾ. ಸೋರ್ಬಿಯನ್ ಅಕ್ಷರಗಳಿಗೆ ತಲೆಯ ಮೇಲೆ, ಮೈಮೇಲೆ ಗುರುತುಗಳಿವೆ. ಹುಡುಕುವಾಗ ಗುರುತು ಇಟ್ಟು ಒಮ್ಮೆ, ಬಿಟ್ಟು ಒಮ್ಮೆ ಹುಡುಕಿ, ದಾಖಲೆಪಟ್ಟಿ ಮಾಡಿದವರು ಎರಡೂ ರೀತಿ ಬರೆದಿದ್ದಾರೆ.

ನೆರೆಯ ಊರುಗಳನ್ನು ಸೇರಿಸುವಾಗ 1936–37ನ್ನು ಮರೆಯುವಂತಿಲ್ಲ. ಸ್ಲಾವ್ ನೆನಪು ತರುವ ಹೆಸರುಗಳನ್ನು ನಾಜಿ ಸರ್ಕಾರ ಅಳಿಸಿತು. ಜೋರ್ನೆಗೋಸ್ಡಾ 1936ರಲ್ಲಿ ನೆರೆಯ ಊರಿನೊಡನೆ ಸೇರಿ ಶ್ವಾರ್ಟ್ಸ್‌ಹೈಡೆ ಆಯಿತು, ವೆಂಡಿಶ್ ಬುಖ್‌ಹೋಲ್ಟ್ಸ್ 1937ರಲ್ಲಿ ಮೆರ್ಕಿಶ್ ಬುಖ್‌ಹೋಲ್ಟ್ಸ್ ಆಯಿತು. ಎರಡೂ ಹೊಸ ಹೆಸರು ಇಂದಿಗೂ ಉಳಿದಿವೆ. ಯುದ್ಧದ ನಂತರ ಹಳೇ ಹೆಸರು ಮರಳಿ ಪಡೆದ ಊರುಗಳೂ ಇವೆ. ಹಾಗಾಗಿ 1935ರ ಮತ್ತು 1940ರ ನಕ್ಷೆಯಲ್ಲಿ ಬೇರೆ ಹೆಸರು ಕಂಡರೆ ಎರಡು ಊರೆಂದು ಎಣಿಸಬೇಡಿ.

“ವೆಂಡಿಶ್” ಎಂಬ ಮಾತಿನಲ್ಲೂ ತೊಡಕಿದೆ. ಹಳೇ ಜರ್ಮನ್ ಕಡತಗಳು ಯಾವ ಸ್ಲಾವರನ್ನಾದರೂ ಹಾಗೆಯೇ ಕರೆದವು. ಕೆಳ ಲೌಸಿಟ್ಸ್‌ನ ಸೋರ್ಬರಲ್ಲಿ ಅನೇಕರು ತಮ್ಮನ್ನು ವೆಂಡರೆಂದೇ ಹೇಳಿಕೊಳ್ಳುತ್ತಾರೆ, ಬ್ರಾಂಡೆನ್‌ಬುರ್ಗ್‌ನ 1994ರ ಕಾನೂನಿನಲ್ಲಿ ಸೋರ್ಬ್ ಎಂಬುದರ ಜೊತೆ ವೆಂಡ್ ಹೆಸರೂ ಇದೆ. ಆದರೆ ಹ್ಯಾನೋವರ್ ಕಡೆಯ ವೆಂಡ್‌ಲಾಂಡಿನ ದುಂಡು ಹಳ್ಳಿಗಳು ಬೇರೆ. ಅಲ್ಲಿ ಇದ್ದದ್ದು ಪೊಲಾಬಿಯನ್ ಭಾಷೆ, 18ನೇ ಶತಮಾನದಲ್ಲೇ ಅಳಿಯಿತು. ಎರಡನ್ನೂ ಬೆರೆಸಿದ ಲೇಖನಗಳಿಗೆ ಲೆಕ್ಕವಿಲ್ಲ.

ಕಾಗದ

ಲೇಡೆ, ಲ್ಯೂಬೆನಾವ್ ಎರಡೂ ದಾಖಲೆಯಲ್ಲಿ ಮೊದಲು ಕಾಣಿಸುವುದು 1315ರಲ್ಲಿ. ಇದನ್ನು “1315ರಲ್ಲಿ ಸ್ಥಾಪನೆ” ಎಂದು ಬರೆಯುವುದು ಅತಿ ಸಾಮಾನ್ಯ ತಪ್ಪು. ಅದು ಯಾರೋ ಆಸ್ತಿಪತ್ರದಲ್ಲಿ ಹೆಸರು ಬರೆದ ವರ್ಷ, ಅಷ್ಟೆ. ಈ ಸೀಮೆಗೆ ಸ್ಲಾವರು ಬಂದು ನೆಲೆಸಿದ್ದು ಅದಕ್ಕಿಂತ ಶತಮಾನಗಳ ಹಿಂದೆ. ಸೋರ್ಬರ ಹೆಸರು 631ರ ಘಟನೆ ಹೇಳುವ ಲ್ಯಾಟಿನ್ ವೃತ್ತಾಂತದಲ್ಲೇ ಬರುತ್ತದೆ, ಕೆಳ ಲೌಸಿಟ್ಸ್‌ನ ಲುಸಿತ್ಸಿ ಪಂಗಡವನ್ನು 963ರಲ್ಲಿ ಗೇರೊ ಎಂಬ ಜರ್ಮನ್ ಗಡಿನಾಯಕ ಸೋಲಿಸಿದ. ಆ ಕಾಲದ ವರ್ತುಲ ಕೋಟೆ ಹೇಗಿತ್ತೆಂದು ನೋಡಬೇಕಾದರೆ ಹತ್ತಿರದ ರಾಡುಶ್‌ಗೆ ಹೋಗಿ. ಕಲ್ಲಿದ್ದಲು ಗಣಿ ಬರುತ್ತದೆಂದು ತರಾತುರಿಯಲ್ಲಿ ಉತ್ಖನನ ಮಾಡಿದ ಜಾಗದಲ್ಲಿ 2003ರಲ್ಲಿ ಮರುನಿರ್ಮಾಣ ತೆರೆಯಿತು. ಒಳಗೆ ವಸ್ತುಸಂಗ್ರಹಾಲಯ, ಹೊರಗಿನ ಗೋಡೆ ಇಂದಿನ ಕೆಲಸ.

ಯಾವ ಕಡತ ಎಲ್ಲಿದೆ ಎಂಬುದು ಆ ವರ್ಷ ಆಳುತ್ತಿದ್ದವರ ಮೇಲೆ ನಿಂತಿದೆ. 1635ರವರೆಗೆ ಲೌಸಿಟ್ಸ್ ಬೊಹೆಮಿಯದ ಅರಸೊತ್ತಿಗೆಗೆ ಸೇರಿತ್ತು. ಆ ವರ್ಷ ಪ್ರಾಗ್ ಒಪ್ಪಂದದಲ್ಲಿ ಸ್ಯಾಕ್ಸನಿಗೆ ಹೋಯಿತು. 1815ರ ವಿಯೆನ್ನಾ ಒಪ್ಪಂದದಲ್ಲಿ ಕೆಳ ಲೌಸಿಟ್ಸ್ ಪ್ರಷ್ಯಾಕ್ಕೆ. 1952ರಿಂದ ಪೂರ್ವ ಜರ್ಮನಿಯ ಕಾಟ್‌ಬುಸ್ ಜಿಲ್ಲೆ, 1990ರಿಂದ ಬ್ರಾಂಡೆನ್‌ಬುರ್ಗ್. ಇದೆಲ್ಲದರ ಕೆಳಗೆ, ಊರವರಿಗೆ ನಿಜವಾಗಿ ಧಣಿಯಾಗಿದ್ದದ್ದು ಲ್ಯೂಬೆನಾವ್ ಜಮೀನ್ದಾರಿ. 1621ರಿಂದ ಅದು ಇಟಲಿ ಮೂಲದ ಲೀನಾರ್ ಮನೆತನದ್ದು. ಗೇಣಿ, ಬಿಟ್ಟಿ ಚಾಕರಿ, ಮೀನುಗಾರಿಕೆಯ ಹಕ್ಕು, ಹುಲ್ಲುಗಾವಲಿನ ಜಗಳ, ಇವೆಲ್ಲ ರಾಜ್ಯದ ಕಡತದಲ್ಲಲ್ಲ, ಜಮೀನ್ದಾರಿ ಕಡತದಲ್ಲಿ ಸಿಗುತ್ತವೆ. ಹುಡುಕಾಟ ಪಾಟ್ಸ್‌ಡಾಮ್‌ನ ರಾಜ್ಯ ದಾಖಲಾಗಾರದಿಂದ ಶುರುವಾಗಲಿ. ಹೋಗುವ ಮುಂಚೆ ಕಡತ ಸಂಖ್ಯೆ ಹಿಡಿದು ಬರೆದು ಕಾಯ್ದಿರಿಸಿ, ಬರಿಗೈಲಿ ಹೋದರೆ ದಿನ ವ್ಯರ್ಥ.

ಅಳತೆಗಳನ್ನು ಕಣ್ಮುಚ್ಚಿ ಬದಲಿಸಬೇಡಿ. ಪ್ರಷ್ಯನ್ ಮೋರ್ಗನ್ 0.2553 ಹೆಕ್ಟೇರ್, ನಮ್ಮ ಲೆಕ್ಕದಲ್ಲಿ ಸುಮಾರು 25 ಗುಂಟೆ. ಸ್ಯಾಕ್ಸನ್ ಆಕರ್ 0.55 ಹೆಕ್ಟೇರ್, ಒಂದು ಎಕರೆ 15 ಗುಂಟೆಗೆ ಹತ್ತಿರ. ಹೂಫೆ ಎಂಬುದು ಒಂದು ಪೂರ್ಣ ಒಕ್ಕಲಿನ ಪಾಲು, ಊರಿಂದೂರಿಗೆ ಬದಲಾಗುತ್ತದೆ, ಅದನ್ನು ಹೆಕ್ಟೇರಿಗೆ ತಿರುಗಿಸದೆ ಹಾಗೇ ಬಿಡುವುದು ಲೇಸು. ಬೌವರ್, ಕೊಸೇಟ್, ಬ್ಯೂಡ್ನರ್ ಎಂಬ ವರ್ಗಗಳು ಕಂಡರೆ ಕ್ರಮವಾಗಿ ಪೂರ್ಣ ರೈತ, ಸಣ್ಣ ಹಿಡುವಳಿದಾರ, ಗುಡಿಸಲು ಮತ್ತು ತುಂಡು ನೆಲ ಮಾತ್ರ ಇರುವವ ಎಂದು ಓದಿ.

ಕುಟುಂಬಗಳಿಗೆ ಚರ್ಚಿನ ಜನನ, ಮದುವೆ, ಮರಣದ ಪುಸ್ತಕಗಳೇ ಆಧಾರ. ಪ್ರೊಟೆಸ್ಟೆಂಟ್ ಪುಸ್ತಕಗಳ ಸ್ಕ್ಯಾನ್‌ಗಳು ಆರ್ಕಿಯೋನ್ ಎಂಬ ಶುಲ್ಕದ ತಾಣದಲ್ಲಿ ಸೇರುತ್ತಿವೆ. ಬರಹ ಕುರೆಂಟ್ ಎಂಬ ಹಳೇ ಜರ್ಮನ್ ಕೈಬರಹ. ದಿನಕ್ಕೆ ಅರ್ಧ ಗಂಟೆಯಂತೆ ಎರಡು ಮೂರು ವಾರ ಅಕ್ಷರ ತಿದ್ದಿದರೆ ಹೆಸರು, ತಾರೀಖು ಓದಲು ಬರುತ್ತದೆ. ಇಲ್ಲಿಯ ವಿಶೇಷ ತೊಡಕು ಎರಡು. ಮಗಳಿಗೆ ಮಾತ್ರ ಜಮೀನು ಬಂದ ಮನೆಗೆ ಮದುವೆಯಾಗಿ ಬಂದ ಗಂಡಸನ್ನು ಆ ಮನೆಯ ಹೆಸರಿನಿಂದಲೇ ಕರೆಯುತ್ತಿದ್ದರು. ಅಣ್ಣತಮ್ಮಂದಿರ ಕುಲನಾಮ ಬೇರೆ ಬೇರೆಯಾಗುವುದು ಹೀಗೆ. ಹಾಗೆಯೇ ಒಬ್ಬನೇ ಮನುಷ್ಯ ಮನೆಯಲ್ಲಿ ಹಾಂಜೊ, ಪುಸ್ತಕದಲ್ಲಿ ಹಾನ್ಸ್. ಮನೆಯಲ್ಲಿ ಕೀಟೊ, ಪುಸ್ತಕದಲ್ಲಿ ಕ್ರಿಸ್ಟಿಯಾನ್. ನೊವಾಕ್ ಕೆಲವೊಮ್ಮೆ ನೊಯ್‌ಮಾನ್ ಆಗುತ್ತಾನೆ. ಆದ್ದರಿಂದ ವಂಶವೃಕ್ಷಕ್ಕಿಂತ ಮೊದಲು ಮನೆಗಳ ಪಟ್ಟಿ ಮಾಡಿ. ಮನೆ ಸಂಖ್ಯೆಗೆ ಒಂದು ಹಾಳೆ, ಅದರಲ್ಲಿ ಇದ್ದವರೆಲ್ಲ ವರ್ಷದ ಕ್ರಮದಲ್ಲಿ. ವೃಕ್ಷ ತಾನಾಗಿ ಮೂಡುತ್ತದೆ.

ಭಾಷೆ ಉಳಿದಿದೆಯೇ?

ಲ್ಯೂಬೆನಾವ್ ದೋಣಿಗಟ್ಟೆಯಲ್ಲಿ ಅಗಲ ತಲೆವಸ್ತ್ರದ ಉಡುಪು ತೊಟ್ಟವರನ್ನು ಕಂಡು “ಇಲ್ಲಿ ಸೋರ್ಬಿಯನ್ ಆಡುತ್ತಾರೆ” ಎಂದುಕೊಳ್ಳಬೇಡಿ. ಉಡುಪು ಪ್ರವಾಸೋದ್ಯಮದಲ್ಲಿ ಉಳಿಯಿತು, ಮಾತು ಈ ಪಶ್ಚಿಮ ಅಂಚಿನಲ್ಲಿ ಮೊದಲೇ ಸವೆಯಿತು. 1660ರ ದಶಕದ ಕೊನೆಯಲ್ಲಿ ಆಗಿನ ಸ್ಯಾಕ್ಸೆ-ಮೆರ್ಸೆಬುರ್ಗ್ ಆಡಳಿತ ಕೆಳ ಲೌಸಿಟ್ಸ್ ಚರ್ಚುಗಳಿಂದ ಸೋರ್ಬಿಯನ್ ತೆಗೆಯಲು, ಸೋರ್ಬಿಯನ್ ಬರಹಗಳನ್ನು ಕಿತ್ತುಕೊಳ್ಳಲು ಆದೇಶಿಸಿತು. 1866ರಲ್ಲಿ ಬರ್ಲಿನ್–ಕಾಟ್‌ಬುಸ್ ರೈಲು ಬಂತು, 1880ರ ದಶಕದಿಂದ ಪ್ರವಾಸಿಗಳು. 1937ರಲ್ಲಿ ನಾಜಿಗಳು ಸೋರ್ಬರ ಸಂಘಟನೆ ಡೊಮೊವಿನಾದ ಬಾಯಿ ಕಟ್ಟಿದರು. ಯಾವ ಊರಲ್ಲಿ ಎಷ್ಟು ಜನ ಆಡುತ್ತಿದ್ದರೆಂಬ ಅಂಕಿಗೆ ಸೋರ್ಬ್ ವಿದ್ವಾಂಸ ಆರ್ನೋಶ್ಟ್ ಮುಕಾ 1880ರ ದಶಕದಲ್ಲಿ ಊರೂರು ತಿರುಗಿ ಮಾಡಿದ ಎಣಿಕೆ ನೋಡಿ, ಅದನ್ನು ಸರ್ಕಾರಿ ಜನಗಣತಿಯ ಪಕ್ಕದಲ್ಲಿಡಿ. ಸರ್ಕಾರಿ ಅಂಕಿ ಕಡಿಮೆಯಿರುತ್ತದೆ. ಎರಡು ಭಾಷೆ ಬಲ್ಲವರನ್ನು ಜರ್ಮನ್ನರೆಂದು ಬರೆಯುವುದು ಗುಮಾಸ್ತರಿಗೆ ಸುಲಭವಾಗಿತ್ತು, ಹಾಗೆ ಬರೆಸಿಕೊಳ್ಳುವುದು ಕೆಲವರಿಗೆ ಕ್ಷೇಮವೂ ಆಗಿತ್ತು.

ಬೀದಿಯಲ್ಲಿ, ಅಂಗಡಿಯಲ್ಲಿ, ಪೂಜೆಯಲ್ಲಿ ಭಾಷೆ ಕೇಳಬೇಕಾದರೆ ದಕ್ಷಿಣಕ್ಕೆ, ಸ್ಯಾಕ್ಸನಿಯ ಕ್ಯಾಥೊಲಿಕ್ ಹಳ್ಳಿಗಳಿಗೆ ಹೋಗಬೇಕು. ಕ್ರೋಸ್ಟ್‌ವಿಟ್ಸ್, ರಾಲ್ಬಿಟ್ಸ್, ಪಾನ್‌ಶ್ವಿಟ್ಸ್-ಕುಕಾವ್. ಅಲ್ಲಿಯದು ಜೆಕ್‌ಗೆ ಹತ್ತಿರದ ಮೇಲ್ ಸೋರ್ಬಿಯನ್, ಲೇಡೆಯದು ಪೋಲಿಷ್‌ಗೆ ಹತ್ತಿರದ ಕೆಳ ಸೋರ್ಬಿಯನ್. 1248ರಲ್ಲಿ ಸ್ಥಾಪನೆಯಾದ ಮರಿಯೆನ್‌ಶ್ಟೆರ್ನ್ ಸನ್ಯಾಸಿನಿ ಮಠದ ಆಸರೆಯಲ್ಲಿ ಆ ಹಳ್ಳಿಗಳು 16ನೇ ಶತಮಾನದ ಪ್ರೊಟೆಸ್ಟೆಂಟ್ ಸುಧಾರಣಾ ಚಳವಳಿಯ ನಂತರವೂ ಕ್ಯಾಥೊಲಿಕ್ ಆಗಿಯೇ ಉಳಿದವು, ಸುತ್ತಲಿನವರೊಡನೆ ಮದುವೆ ಸಂಬಂಧ ಕಡಿಮೆಯಾಯಿತು, ಮಾತು ಉಳಿಯಿತು. ಕೆಳ ಲೌಸಿಟ್ಸ್‌ನಲ್ಲಿ ಮಕ್ಕಳಿಗೆ ಭಾಷೆ ಕಲಿಸುವ ವಿತಾಯ್ ಎಂಬ ಶಿಶುವಿಹಾರ ಪ್ರಯತ್ನ 1998ರಲ್ಲಿ ಕಾಟ್‌ಬುಸ್ ಬಳಿಯ ಜೀಲೊವ್‌ನಲ್ಲಿ ಶುರುವಾಯಿತು.

ಕಲ್ಲಿದ್ದಲು ತಂದ ಬದಲಾವಣೆ

ಲೌಸಿಟ್ಸ್‌ನಲ್ಲಿ ಕಂದು ಕಲ್ಲಿದ್ದಲಿನ ತೆರೆದ ಗಣಿಗಳಿಗಾಗಿ 130ಕ್ಕೂ ಹೆಚ್ಚು ಊರುಗಳನ್ನು ಪೂರ್ತಿಯಾಗಿಯೋ ಭಾಗಶಃವೋ ಕೆಡವಿದರು, ಅವುಗಳಲ್ಲಿ ಅನೇಕವು ಸೋರ್ಬರವು. ಹೋರ್ನೊ ಎಂಬ ಹಳ್ಳಿಯವರು ಫೋರ್ಸ್ಟ್ ಪಟ್ಟಣದ ಅಂಚಿಗೆ ಎದ್ದು ಹೋದರು, ಮಾಯವಾದ ಊರುಗಳ ದಾಖಲೆ ಸಂಗ್ರಹ ಈಗ ಅಲ್ಲಿದೆ. ನೀವು ಹುಡುಕುತ್ತಿರುವ ಹೆಸರು ಇಂದಿನ ನಕ್ಷೆಯಲ್ಲಿ ಸಿಗದಿದ್ದರೆ ಮೊದಲು ಆ ಸಂಗ್ರಹದ ಪಟ್ಟಿ ನೋಡಿ.

ಲೇಡೆಯನ್ನು ಗಣಿ ಅಗೆಯಲಿಲ್ಲ, ಆದರೆ ಅದರ ನೀರನ್ನು ಮುಟ್ಟಿತು. ಗಣಿ ಒಣಗಿಸಲು ಪಂಪು ಮಾಡಿದ ಅಂತರ್ಜಲ ದಶಕಗಳ ಕಾಲ ಶ್ಪ್ರೇಗೆ ಬಿದ್ದು ಹರಿವನ್ನು ಉಬ್ಬಿಸಿತು. ಗಣಿ ಮುಚ್ಚಿದಂತೆ ಆ ನೀರು ಇಳಿಯುತ್ತಿದೆ. ಜರ್ಮನಿಯಲ್ಲಿ ಕಲ್ಲಿದ್ದಲು ವಿದ್ಯುತ್ತಿಗೆ ಕಾನೂನಿನ ಕೊನೇ ಗಡುವು 2038. ಹಳೇ ಗಣಿಯ ಮಣ್ಣಿನೊಳಗೆ ಅಂತರ್ಜಲ ಮತ್ತೆ ಏರಿದಾಗ ಕಬ್ಬಿಣ, ಸಲ್ಫೇಟ್ ಕರಗಿ ಬರುತ್ತವೆ. ಕಬ್ಬಿಣ ಗಾಳಿ ತಾಗಿ ಕಾವಿಬಣ್ಣದ ಕೆಸರಾಗಿ ತಳಕ್ಕೆ ಕೂರುತ್ತದೆ. ಕಾಲುವೆಯ ನೀರು ಕಂದಾಗಿ ಕಂಡರೆ ಎರಡು ಕಾರಣ ಇರಬಹುದು. ಚಹದ ಬಣ್ಣದ್ದು, ಆದರೆ ಗಾಜಿನ ಲೋಟದಲ್ಲಿ ಹಿಡಿದರೆ ಪಾರದರ್ಶಕವಾಗಿದ್ದರೆ ಅದು ಜೌಗಿನ ಎಲೆ, ಬೇರು ಕೊಳೆತು ಬಂದ ಸಹಜ ಬಣ್ಣ. ಮೋಡಮೋಡವಾಗಿ, ಲೋಟದ ತಳದಲ್ಲಿ ಒಂದು ರಾತ್ರಿಗೆ ತುಕ್ಕಿನ ಬಣ್ಣದ ಪುಡಿ ಕೂತರೆ ಕಬ್ಬಿಣ. ತೂಬುಗಳ ಬಳಿ ಮೇಲ್ನೀರು, ಕೆಳನೀರಿನ ಮಟ್ಟ ತೋರುವ ಅಳತೆಪಟ್ಟಿಗಳಿರುತ್ತವೆ. ತಾರೀಖು, ಗಂಟೆ ಸಮೇತ ಎರಡನ್ನೂ ಬರೆದುಕೊಳ್ಳಿ. ಮಟ್ಟವನ್ನು ತೂಬಿನ ಹಲಗೆ ನಿಯಂತ್ರಿಸುವುದರಿಂದ ಒಂದೇ ಪಟ್ಟಿಯ ಅಂಕಿ ಹೊಳೆಯಲ್ಲಿ ನೀರು ಹೆಚ್ಚಿತೋ ಕಡಿಮೆಯೋ ಎಂಬುದನ್ನು ಹೇಳಲಾರದು.